ಗೋಡೆಗೆ ಹಾಕಬೇಕಂದಿದ್ದ ಬಂದೂಕು

ಸೋಯಾ ರಾಶಿ ಮುಗೀತು, ತೊಗರಿ ಹೂವಿನಾಗ ಅದಾ. ಇವತ್ತು ಬೆಳೆ ಸುದ್ದಿ ಅಲ್ಲ. ನಾನು ಮಾಡಬೇಕಂತಿದ್ದ ಒಂದು ತಪ್ಪಿನ ಸುದ್ದಿ ಬರೀತೀನಿ. ಮೆಹಕರ ಸುತ್ತ ಇನ್ನೂ ಯಾರಿಗಾದರೂ ಅದೇ ಫೋಟೊ ಬಂದಿದ್ದರೆ ಉಪಯೋಗ ಆದೀತು.

ಸೋಯಾ ಮಾರಿ ಬರೋವಾಗ ಪರಿಚಯದವರೊಬ್ಬರು ಮೊಬೈಲಿನಾಗ ಹಳೇ ಮಿಲಿಟರಿ ರೈಫಲ್ ತೋರಿಸಿದರು. ತ್ರೀ ನಾಟ್ ತ್ರೀ. "ಇದು ಸತ್ತ ಬಂದೂಕ ಕಾಕಾ. ನಳಿಗಿ ಮುಚ್ಚ್ಯಾರ, ಗುಂಡು ಹಾರಲ್ಲ. ಪಡಸಾಲ್ಯಾಗ ಗ್ವಾಡಿಗಿ ಹಾಕ್ರಿ. ಸರ್ಟಿಫಿಕೇಟ್ ಭೀ ಅದಾ" ಅಂದರು. ರೇಟು 22,000 ರೂಪಾಯಿ.

ನನಗೆ ಆಸೆ ಹತ್ತಿತು. ನಮ್ಮ ಪಡಸಾಲ್ಯಾಗ ಮುತ್ಯಾನ ಫೋಟೊ ಅದಾ. ರಜಾಕಾರರ ಕಾಲಕ್ಕೆ ಊರ ಮಂದಿ ಜೋಡಿ ರಾತ್ರಿ ಗಸ್ತಿ ತಿರುಗಿದವ. ಪ್ರತಿ ಸೆಪ್ಟೆಂಬರ್ 17ಕ್ಕೆ ಝಂಡಾ ಹಾರಿಸಿ ಬಂದು ಅವನ ಸುದ್ದಿ ಮಕ್ಕಳಿಗೆ ಹೇಳ್ತೀನಿ. ಆ ಫೋಟೊ ಕೆಳಗೆ ಒಂದು ಬಂದೂಕು ಇದ್ದರೆ ಛಂದ ಅನಿಸಿತು. 5,000 ರೂಪಾಯಿ ಮುಂಗಡ ಕಿಸೆದಾಗ ಇಟ್ಟುಕೊಂಡೇ ಇದ್ದೆ.

ನಮ್ಮ ಅಕ್ಕನ ಮಗ ಪೊಲೀಸ್ ಖಾತೆದಾಗ ಇದ್ದಾನೆ. ಒಂದು ಮಾತು ಕೇಳೋಣ ಅಂತ ಫೋನ್ ಹಚ್ಚಿದೆ. "ಮಾಮಾ, ರೊಕ್ಕ ಕೊಟ್ಟೀರೇನು? ಕೊಡಬ್ಯಾಡ್ರಿ. ಮೊದಲ ಕಾಗದದ ಫೋಟೊ ಕಳಸ್ರಿ" ಅಂದ. ನೋಡಿ ನಕ್ಕ. ಅದು ಇಂಗ್ಲೆಂಡಿನ ಕಾಗದ. ಅದರಾಗಿನ ನಂಬರೇ ಬೇರೆ, ಬಂದೂಕಿನ ಮೇಲಿನ ನಂಬರೇ ಬೇರೆ.

ಇಂಗ್ಲೆಂಡಿನಾಗ ಮಿಲಿಟರಿಯ ಹಳೇ ರೈಫಲ್ ಹಿಂಗ ಮನೆ ಗೋಡೆಗೆ ಹಾಕೋ ರೂಢಿ ಅದಾ. ನಳಿಗೆ ಸೀಳಿ, ಒಳಗೆ ಉಕ್ಕಿನ ಸರಳು ಇಟ್ಟು ವೆಲ್ಡಿಂಗ್ ಮಾಡ್ತಾರೆ. ಸರ್ಕಾರ ಒಪ್ಪಿದ ಸಂಸ್ಥೆ ತಪಾಸಣೆ ಮಾಡಿ, ಮುದ್ರೆ ಒತ್ತಿ ಕಾಗದ ಕೊಡ್ತದೆ. 1988ರಿಂದ ಅಲ್ಲಿ ಅದಕ್ಕೆ ಕಾನೂನೇ ಅದಾ. ಆದರೆ ಆ ಕಾಗದ ನಮ್ಮ ಭಾಲ್ಕಿದಾಗ ನಡೆಯೋದಿಲ್ಲ.

ನಮ್ಮಲ್ಲಿ 1959ರ ಆಯುಧ ಕಾಯ್ದೆ. ಅದರ 45ನೇ ಕಲಮಿನಾಗ ಒಂದು ವಿನಾಯಿತಿ ಅದಾ: ಹಳೇ ಕಾಲದ ಮಾದರಿ, ಪುರಾತನ ವಸ್ತು, ಇಲ್ಲಾ ಕೆಟ್ಟುಹೋದ ಆಯುಧ, ರಿಪೇರಿ ಮಾಡಿದರೂ ಗುಂಡು ಹಾರಿಸಲಿಕ್ಕೆ ಬಾರದಂಥದ್ದು ಇದ್ದರೆ ಲೈಸೆನ್ಸ್ ಬೇಡ. "ರಿಪೇರಿ ಮಾಡಿದರೂ" ಅನ್ನೋ ಮಾತು ನೆನಪಿಡ್ರಿ. ನಳಿಗ್ಯಾಗ ಬರೀ ಸೀಸ ಹೊಯ್ದಿದ್ದರೆ ಲೇಥಿನವ ಒಂದು ತಾಸಿನಾಗ ತೆಗೀತಾನ. ಅದು ಸತ್ತದ್ದಲ್ಲ, ಮಲಗಿದ್ದು. ಮೇಲಾಗಿ 303 ಅನ್ನೋದು ನಿಷೇಧಿತ ಬೋರ್. ಅದರ ಲೈಸೆನ್ಸ್ ಡಿಸಿ ಆಫೀಸಿನಾಗ ಸಿಗೋದಿಲ್ಲ, ದಿಲ್ಲಿ ಗೃಹ ಖಾತೆ ಕೊಡಬೇಕು. ಲೈಸೆನ್ಸ್ ಇಲ್ಲದೆ ನಿಷೇಧಿತ ಆಯುಧ ಇಟ್ಟುಕೊಂಡರೆ 2019ರ ತಿದ್ದುಪಡಿ ನಂತರ 7ರಿಂದ 14 ವರ್ಷ ಜೈಲು.

ಅಳಿಯ ಇನ್ನೊಂದು ಮಾತು ಹೇಳಿದ. "ಇದು ಪುರಾತನ ವಸ್ತು ಅಲ್ರಿ ಮಾಮಾ. ಉತ್ತರ ಪ್ರದೇಶ ಪೊಲೀಸರು 2020ರ ಜನವರಿ 26ಕ್ಕ ಇದಕ್ಕ ಬೀಳ್ಕೊಟ್ಟಾರ. ಮೊನ್ನೆ ತನಕ ಡ್ಯೂಟಿ ಮಾಡಿದ ಬಂದೂಕ ಸಂತ್ಯಾಗ ಹ್ಯಾಂಗ ಬಂತು, ನೀವೇ ವಿಚಾರ ಮಾಡ್ರಿ."

ಸಂಜೀಕೆ ಅವ್ವನ ಮುಂದೆ ಹೇಳಿದೆ. ಅವ್ವಗ ಈಗ 85. ರಜಾಕಾರರ ಗಲಾಟೆದಾಗ ಎಂಟು ವರ್ಷದ ಹುಡುಗಿ. ಬಂಡ್ಯಾಗ ಕಣಕಿ ಕೆಳಗೆ ಮಲಗಿಸಿ ರಾತ್ರೋರಾತ್ರಿ ಸೊಲ್ಲಾಪುರ ಕಡೆ ಒಯ್ದಿದ್ದರಂತೆ.

"ನಿಮ್ಮ ಮುತ್ಯಾನ ಕೈಯಾಗ ಬಂದೂಕ ಎಂದಿತ್ತೋ?" ಅಂದಳು. "ಬಡಗಿ ಇತ್ತು, ಕವಣಿ ಇತ್ತು. ಬಂದೂಕ ಇದ್ದದ್ದು ಅವರ ಕೈಯಾಗ. ಅದನ್ನ ತಂದು ಇವನ ಫೋಟೊ ಕೆಳಗ ಹಾಕ್ತೀಯಾ?"

"ಅವ್ವಾ, ಅದು ಸತ್ತದ್ದು" ಅಂದೆ.

"ಸತ್ತದ್ದಂತ ನಿನಗ ಗೊತ್ತು. ನೋಡಿದವ್ರಿಗಿ ಹ್ಯಾಂಗ ಗೊತ್ತಾಗತದ?"

ನನಗೆ ತಟ್ಟನೆ ನೆನಪಾದದ್ದು ನಮ್ಮ ದಾಯಾದಿ. ಎರಡು ವರ್ಷದಿಂದ ಬದುವಿನ ತಕರಾರು ನಡೆದದ್ದು ನಿಮಗೆ ಗೊತ್ತೇ ಅದಾ. ನಮ್ಮ ಪಡಸಾಲಿಗೆ ಬಂದು ಅವ ಒಂದು ಫೋಟೊ ಹೊಡಕೊಂಡು ಠಾಣೆಗೆ ಹೋದರೆ ಸಾಕಿತ್ತು. ಅದಕ್ಕಿಂತ ಕೆಟ್ಟದ್ದು, ಅವನ ಮಕ್ಕಳು ನಮ್ಮ ಹೊಲದ ಕಡೆ ಬರಲಿಕ್ಕೆ ಅಂಜತಿದ್ದವು. ಬದು ಹೋದರೆ ಮತ್ತೆ ಹಾಕಬಹುದು. ಅಂಜಿಕೆ ಒಮ್ಮೆ ಹೊಕ್ಕರೆ ತೆಗಿಯೋದು ಕಷ್ಟ.

ಮುಂಗಡ ಕೊಡಲಿಲ್ಲ.

ನಿಮ್ಮ ಅಟ್ಟದ ಮೇಲೆ ಮುತ್ಯಾನ ಕಾಲದ ಮದ್ದು ತುಂಬೋ ಬಂದೂಕು ಬಿದ್ದಿದ್ದರೆ ಮಾರಬ್ಯಾಡ್ರಿ, ಬಚ್ಚಿಡಬ್ಯಾಡ್ರಿ. ಡಿಸಿ ಆಫೀಸಿಗೆ ಅರ್ಜಿ ಬರೆದು ಕೇಳ್ರಿ. ಬೆಳೆ ಕಾಯಲಿಕ್ಕೆ ಅಂಥ ಬಂದೂಕಿಗೆ ಲೈಸೆನ್ಸ್ ಕೊಡೋ ಅವಕಾಶ ಕಾಯ್ದೆದಾಗೇ ಅದಾ. ಕೊಡಗಿನವರಿಗೆ ಲೈಸೆನ್ಸ್ ಬೇಡಂತ, ನಮಗ್ಯಾಕ ಅಂತ ಕೇಳಬ್ಯಾಡ್ರಿ. ಆ ರಿಯಾಯಿತಿ ಅವರಿಗಷ್ಟೇ.

ಮುತ್ಯಾನ ಕವಣಿ ಹುಡುಕಿದೆ, ಸಿಗಲಿಲ್ಲ. ಇಲಿ ತಿಂದಿರಬೇಕು. ಹೊಸಾದು ಹೆಣೀಲಾಕ ಕಲಸ್ತೀನಿ ಅಂದಾಳ ಅವ್ವ. ಹಿಂಗಾರಿ ಜೋಳದ ತೆನಿ ಹಾಲು ತುಂಬೋವಾಗ ಹಕ್ಕಿ ಕಾಯಲಿಕ್ಕಾದರೂ ಬರ್ತದ.