ಅಪ್ಪನ ಬೀಡಿಯ ಲೆಕ್ಕ
ಊರಿಗೆ ಹೋದಾಗಲೆಲ್ಲ ಅಪ್ಪನದು ಒಂದೇ ವಾದ: "ಊರಲ್ಲಿ ಎಲ್ರೂ ಬೀಡಿ ಸೇದ್ತಾರೆ, ಎಲ್ರಿಗೂ ಕ್ಯಾನ್ಸರ್ ಬಂತೇನೋ?"

ಈ ಸಲ ಡಾಲ್ ಮತ್ತು ಹಿಲ್ ಅವರ 1950ರ ಲಂಡನ್ ಅಧ್ಯಯನ ಹಿಡಿದುಕೊಂಡು ಕೂತೆ. ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಸೇದುವವರು 647, ಸೇದದವರು 2. ಬೇರೆ ಕಾಯಿಲೆಯ 649 ಜನರಲ್ಲಿ 622 ಮತ್ತು 27. ಮೇಲ್ನೋಟಕ್ಕೆ ಅಪ್ಪನೇ ಸರಿ, ಎರಡೂ ಕಡೆ ಸೇದೋರೇ ತುಂಬಿದ್ದಾರೆ! ಆದರೆ ಅಡ್ಡಗುಣಾಕಾರ ಮಾಡಿ ನೋಡಿ: 647×27 ಅನ್ನು 622×2ರಿಂದ ಭಾಗಿಸಿದರೆ ಆಡ್ಸ್ ರೇಷಿಯೊ ಸುಮಾರು 14. ಕಾಯಿಲೆ ಅಪರೂಪದ್ದಾದ್ದರಿಂದ ಇದನ್ನು ಹೆಚ್ಚುಕಡಿಮೆ 14 ಪಟ್ಟು ಅಪಾಯ ಅಂತಲೇ ಓದಬಹುದು. ಬಂದೇ ಬರುತ್ತೆ ಅಂತ ಅರ್ಥವಲ್ಲ.

"ಅದು ಲಂಡನ್ನೋರ ಲೆಕ್ಕ ಕಣೋ" ಅಂದ ಅಪ್ಪ. ಕಿವಿ ಮೇಲಿನ ಬೀಡಿ ಮಾತ್ರ ಅವತ್ತು ರಾತ್ರಿವರೆಗೂ ಅಲ್ಲೇ ಇತ್ತು.