ಅಚ್ಚುಕೂಟದಲ್ಲೊಂದು ಹಲ್ಲಿಮರಿ

ಹಲ್ಲಿಯಿಲ್ಲದ ಮನೆ ನಮ್ಮ ನಾಡಿನಲ್ಲಿ ದುರ್ಲಭವೆಂದೇ ಹೇಳಬೇಕು. ದೇವರ ಪಟದ ಹಿಂದೆಯೋ, ಅಡಿಗೆಮನೆಯ ದೀಪದ ಬಳಿಯೋ ಅದು ಇದ್ದೇ ಇರುವುದು. ಅದಿದ್ದರೂ ಇಲ್ಲವೆಂಬಂತೆ ನಾವು ನಡೆದುಕೊಳ್ಳುವೆವು. ಮಾತನಾಡುತ್ತಿರುವಾಗ ಅದು ಲೊಚಗುಟ್ಟಿದರೆ ‘ನೋಡಿದಿರಾ, ಹಲ್ಲಿಯೂ ನಿಜವೆಂದಿತು’ ಎಂದು ಹಿಗ್ಗುವವರೂ, ನೆಲವನ್ನು ಬೆರಳಿನಿಂದ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುವ ಅಜ್ಜಿಯರೂ ವಾಚಕರ ಮನೆಗಳಲ್ಲಿ ಇದ್ದಾರು. ಆದರೆ ಅದೇ ಪ್ರಾಣಿಯು ನಾಲ್ಕು ಜನ ದುಡಿಯುವ ಸ್ಥಳದಲ್ಲಿ ಕಾಣಿಸಿಕೊಂಡಿತೆನ್ನಿ, ಆಗ ಸಂಗತಿಯೇ ಬೇರೆ. ಮನೆಗೆ ಒಂದು ಪಂಚಾಂಗವಾದರೆ ಕಚೇರಿಯಲ್ಲಿ ತಲೆಗೊಂದು ಪಂಚಾಂಗ.

ನಾವು ಕರಡು ತಿದ್ದುವ ಕೆಲಸಮಾಡುವ ಚಿಕ್ಕ ಅಚ್ಚುಕೂಟವು ಬೆಂಗಳೂರಿನ ಪುಲಿಕೇಶಿನಗರದಲ್ಲಿ, ಕೋಲ್ಸ್ ರಸ್ತೆಯಿಂದ ಒಳಕ್ಕೆ ಸರಿದ ಒಂದು ಓಣಿಯಲ್ಲಿದೆ. ಹಳಬರು ಇಂದಿಗೂ ಈ ಬಡಾವಣೆಯನ್ನು ಫ್ರೇಜರ್ ಟೌನ್ ಎಂದೇ ಕರೆಯುವರು. 1898ರಲ್ಲಿ ಪ್ಲೇಗು ಮಾರಿಯು ಬೆಂಗಳೂರಿಗೆ ಬಂದು ಪೇಟೆಯಲ್ಲಿಯೂ ದಂಡಿನಲ್ಲಿಯೂ ಇಕ್ಕಟ್ಟಾದ ಕೇರಿಗಳನ್ನು ಬರಿದುಮಾಡಿದ ತರುವಾಯ, ಗಾಳಿ ಬೆಳಕುಗಳಿಗೆ ಎಡೆಯುಳ್ಳ ಹೊಸ ಬಡಾವಣೆಗಳು ಬೇಕೆಂದು ಅಧಿಕಾರಿಗಳಿಗೆ ತೋರಿತು. ಹಾಗೆ ಹುಟ್ಟಿದವುಗಳಲ್ಲಿ ಇದೂ ಒಂದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರ್ ಎಂಬವರ ಹೆಸರನ್ನು ಮೊದಲು ಇದಕ್ಕೆ ಇಟ್ಟರು. ಚಾಲುಕ್ಯ ಚಕ್ರವರ್ತಿಯ ಹೆಸರು ಬಹುಕಾಲದ ಮೇಲೆ ಬಂದುದು. ಇಲಿಯ ಭಯದಿಂದ ಹುಟ್ಟಿದ ಬಡಾವಣೆಯಲ್ಲಿ ಈಗ ಹಲ್ಲಿಯ ಭಯವನ್ನು ಕುರಿತು ಬರೆಯಬೇಕಾಗಿದೆ.

ನಮ್ಮಲ್ಲಿ ದುಡಿಯುವವರು ಏಳು ಜನ, ಆಡುವ ಭಾಷೆಗಳು ನಾಲ್ಕು. ಪುಸ್ತಕ ಕಟ್ಟುವ ಭಾಯಿಯವರಿಗೆ ಅದು ಛಿಪ್ಕಲಿ, ಕಸಗುಡಿಸುವ ಆಯಾಳಿಗೆ ತಮಿಳಿನ ಪಲ್ಲಿ, ಯಂತ್ರ ನಡೆಯಿಸುವ ಯುವಕನಿಗೆ ತೆಲುಗಿನ ಬಲ್ಲಿ. ನಮ್ಮ ಕನ್ನಡದಲ್ಲಿ ‘ಪುಲಿ’ಯು ಹುಲಿಯಾದಂತೆ, ‘ಪಾಲು’ ಹಾಲಾದಂತೆ, ಪಲ್ಲಿಯು ಹಲ್ಲಿಯಾಯಿತು. ಬಡಾವಣೆಯ ಹೆಸರಿನಲ್ಲಿ ಮಾತ್ರ ಆ ಹಳೆಯ ಪಕಾರವು ಹಾಗೆಯೇ ನಿಂತಿದೆ.

ಕಳೆದ ಕಾರ್ತಿಕದ ಒಂದು ಮಧ್ಯಾಹ್ನ. ಕ್ಯಾಲೆಂಡರುಗಳ ಅಚ್ಚಿನ ಕಾಲವಾದ್ದರಿಂದ ಯಾರಿಗೂ ಬಿಡುವಿರಲಿಲ್ಲ. ಗಣಕಯಂತ್ರದಲ್ಲಿ ಅಕ್ಷರ ಜೋಡಿಸುವ ಹೆಣ್ಣುಮಗಳು ಹಳೆಯ ವರ್ಷದ ಒಂದು ಮಾದರಿಯನ್ನು ಹುಡುಕುತ್ತ, ಎತ್ತರದ ಹಲಗೆಯ ಮೇಲಿದ್ದ ಕಾಗದದ ಕಟ್ಟನ್ನು ಎಳೆದಳು. ಕಟ್ಟಿನೊಡನೆ ಎರಡಂಗುಲದ ಹಲ್ಲಿಮರಿಯೊಂದು ಜಾರಿ ಅವಳ ತಲೆಯ ಮೇಲೆ ಬಿದ್ದಿತು. ಅಲ್ಲಿಂದ ಜಡೆಗುಂಟ ಇಳಿದು ನೆಲಕ್ಕೆ ಹಾರಿತು. ಅವಳು ಚೀರಿದ ಚೀರಿಗೆ ಯಂತ್ರವು ನಿಂತಿತು.

ಯಂತ್ರದ ಯುವಕನು ಪೊರಕೆಯನ್ನು ಹಿಡಿದೇ ಬಂದನು. ಅವನಿಗೆ ಶಕುನದ ಗೊಡವೆಯಿಲ್ಲ. ಅವನ ಸಿಟ್ಟಿಗೆ ಬೇರೆ ಕಾರಣವುಂಟು. ಹಿಂದೊಮ್ಮೆ ಇಂಥದೇ ಹಲ್ಲಿಯೊಂದು ವಿದ್ಯುತ್ತಿನ ಸ್ವಿಚ್ಚುಗಳ ಪೆಟ್ಟಿಗೆಯೊಳಗೆ ಹೊಕ್ಕು, ಎರಡು ತಂತಿಗಳ ನಡುವೆ ಸಿಕ್ಕಿ ತಾನೂ ಸತ್ತು, ಒಂದು ದಿನದ ಕೆಲಸವನ್ನೂ ಕೆಡಿಸಿತ್ತು. ‘ಸಣ್ಣದಿರುವಾಗಲೇ ತೀರಿಸಿಬಿಡಬೇಕು ಸಾರ್’ ಎಂದು ಅವನು ಪೊರಕೆಯಿಂದ ಒತ್ತಿದನು. ಮರಿಯು ಬಾಲವನ್ನು ಅಲ್ಲಿಯೇ ಬಿಟ್ಟು ಕಪಾಟಿನ ಕಾಲಿನ ಹಿಂದೆ ಅಡಗಿತು. ಬಿಟ್ಟ ಬಾಲವು ನೆಲದ ಮೇಲೆ ತಾನಾಗಿ ಹೊರಳಾಡತೊಡಗಿತು. ಅದನ್ನು ನೋಡಿ ಆ ಗಟ್ಟಿಗನ ಕೈಯೇ ಸಡಿಲಿತು.

ಈ ಬಾಲದ ವಿಷಯವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಅನುಚಿತವಾಗಲಾರದು. ಹಲ್ಲಿಯ ಬಾಲದ ಮೂಳೆಗಳಲ್ಲಿ ಹುಟ್ಟಿನಿಂದಲೇ ಮುರಿಯುವ ಗೆರೆಗಳಿರುತ್ತವೆ. ಆಪತ್ತು ಬಂದಾಗ ಅದು ಸ್ನಾಯುಗಳನ್ನು ಬಿಗಿಹಿಡಿದು ಆ ಗೆರೆಯಲ್ಲಿ ಬಾಲವನ್ನು ಕಳಚಿಬಿಡುವುದು. ಕಳಚಿದ್ದು ಕುಣಿಯುತ್ತಿರುವಾಗ ಶತ್ರುವಿನ ದೃಷ್ಟಿ ಅತ್ತ ಹೋಗುವುದು, ಒಡೆಯನು ಇತ್ತ ಪಾರಾಗುವನು. ಆದರೆ ಇದು ಬಿಟ್ಟಿಯ ಉಪಾಯವಲ್ಲ. ಬಾಲದಲ್ಲಿ ಕೂಡಿಟ್ಟ ಕೊಬ್ಬು ಅದರ ಬರಗಾಲದ ಬುತ್ತಿ, ಅದು ಹೋದಂತಾಯಿತು. ಮತ್ತೆ ಬೆಳೆಯುವ ಬಾಲದಲ್ಲಿ ಮೂಳೆಯಿರದೆ ಮೆಲ್ಲೆಲುಬಿನ ಕೋಲೊಂದೇ ಇರುವುದು.

ಹಲ್ಲಿಯು ಗೋಡೆಯನ್ನು ಹಿಡಿಯುವ ರೀತಿಯಾದರೋ ಇನ್ನೂ ಆಶ್ಚರ್ಯಕರ. ಅದರ ಬೆರಳುಗಳಲ್ಲಿ ಅಂಟಿಲ್ಲ, ಹೀರುವ ಬಟ್ಟಲೂ ಇಲ್ಲ. ಅಮೆರಿಕದ ಕೆಲ್ಲರ್ ಆಟಮ್ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ 2000 ಮತ್ತು 2002ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ ಇದರ ಮರ್ಮವು ಹೊರಬಿದ್ದಿತು. ಟೋಕೇ ಎಂಬ ದೊಡ್ಡ ಜಾತಿಯ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು 5 ಲಕ್ಷ ಸೂಕ್ಷ್ಮ ರೋಮಗಳಿವೆ. ಒಂದೊಂದರ ತುದಿಯೂ ನೂರಾರು ಕವಲುಗಳಾಗಿ ಒಡೆದಿದೆ. ಆ ಕವಲುಗಳು ಗೋಡೆಗೆ ಅತಿ ಸಮೀಪವಾದಾಗ ಅಣುಅಣುಗಳ ನಡುವಣ ದುರ್ಬಲವಾದ ಸೆಳೆತವೇ ಲಕ್ಷಗಟ್ಟಲೆ ಸೇರಿ ಬಲವಾದ ಹಿಡಿತವಾಗುವುದು. ಇಷ್ಟು ಗಟ್ಟಿಯಾಗಿ ಹಿಡಿದಿರುವ ಪ್ರಾಣಿ ಬೀಳುವುದೇಕೆ? ಕೆಲವೊಮ್ಮೆ ಹುಳುವಿಗೆ ಹಾರಿ, ಕೆಲವೊಮ್ಮೆ ಒಂದರೊಡನೊಂದು ಕಾದಾಡಿ, ಕೆಲವೊಮ್ಮೆ ಅದು ಕುಳಿತ ಕಾಗದದ ಕಟ್ಟನ್ನು ಯಾರೋ ಎಳೆದುದರಿಂದ.

ಆಯಾಳು ‘ವಿಷ, ವಿಷ’ ಎಂದು ಕುಡಿಯುವ ನೀರಿನ ಮಡಕೆಯನ್ನು ಮುಚ್ಚಿದಳು. ನಮ್ಮ ಮನೆಗಳ ಹಲ್ಲಿಗೆ ವಿಷವಿಲ್ಲ. ಆದರೂ ಅವಳು ಮಾಡಿದ ಕೆಲಸ ಸರಿಯೇ. ಏಕೆಂದರೆ ಹಲ್ಲಿಯ ಹಿಕ್ಕೆಯಲ್ಲಿ ಭೇದಿಯನ್ನುಂಟುಮಾಡುವ ಸಾಲ್ಮೊನೆಲ್ಲಾ ರೋಗಾಣುಗಳು ಇರಬಹುದು. ಹಲ್ಲಿ ಬಿದ್ದ ಅಡಿಗೆಯನ್ನು ಚೆಲ್ಲಬೇಕು, ಅದನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು. ಅದಕ್ಕಿಂತ ಹೆಚ್ಚಿನ ಗಾಬರಿ ಅನಾವಶ್ಯಕ. ಭಾಯಿಯವರು ಮಾತ್ರ ನಗುತ್ತ, ಕಾಗದವನ್ನೂ ಅಂಟನ್ನೂ ತಿನ್ನುವ ಹುಳುಗಳನ್ನು, ಜಿರಳೆಮರಿಗಳನ್ನು ರಾತ್ರಿಯೆಲ್ಲಾ ಹಿಡಿಯುವ ಈ ನೌಕರನಿಗೆ ಸಂಬಳವಿಲ್ಲ, ರಜವಿಲ್ಲ, ಪೊರಕೆಯ ಏಟೊಂದೇ ಇನಾಮು ಎಂದರು. ಒಂದು ಗಾಜಿನ ಲೋಟವನ್ನು ಮೆಲ್ಲಗೆ ಮರಿಯ ಮೇಲೆ ಬೋರಲಿಟ್ಟು, ಕ್ಯಾಲೆಂಡರಿನ ದಪ್ಪ ರಟ್ಟನ್ನು ಅಡಿಯಲ್ಲಿ ತೂರಿಸಿ, ಹಿತ್ತಲ ಕಾಂಪೌಂಡಿನ ಗೋಡೆಗೆ ಒಯ್ದು ಬಿಟ್ಟವರೂ ಅವರೇ. ಮನೆಯಲ್ಲಿ ಹಲ್ಲಿಗೆ ಅಂಜುವ ಸೋದರಿಯರು ಈ ಕ್ರಮವನ್ನು ನೆನಪಿನಲ್ಲಿಡಬಹುದು; ಕೈ ಸೋಕುವ ಪ್ರಸಂಗವೇ ಇಲ್ಲ.

ಅಷ್ಟಕ್ಕೆ ಮುಗಿಯಿತೆಂದು ನಾವು ಮೇಜಿಗೆ ಹಿಂದಿರುಗಿದರೆ, ಆ ಹೆಣ್ಣುಮಗಳು ಇನ್ನೂ ಹಾಗೆಯೇ ನಿಂತಿದ್ದಳು. ಅವಳ ಹೊಟ್ಟೆಯಲ್ಲಿ ಗಡ್ಡೆಯಿದ್ದು, ತಿಂಗಳು ತಿಂಗಳೂ ರಕ್ತ ಹೋಗಿ ಬಹಳ ಬಳಲಿದ್ದಳು. ರಕ್ತ ಏರಲೆಂದು ಔಷಧ ಕೊಟ್ಟು, ಎರಡು ತಿಂಗಳು ಕಾಯಿಸಿ, ಬರುವ ಸೋಮವಾರ ಶಸ್ತ್ರಚಿಕಿತ್ಸೆಯೆಂದು ಆಸ್ಪತ್ರೆಯಲ್ಲಿ ಗೊತ್ತುಮಾಡಿದ್ದರು. ಆ ದಿನ ತಪ್ಪಿದರೆ ಮತ್ತೆ ಸರದಿಗೆ ಕಾಯಬೇಕು. ಅವಳು ಮೆಲ್ಲನೆ, ‘ಸಾರ್, ನಾನು ಸೋಮವಾರ ಹೋಗುವುದಿಲ್ಲ. ತಲೆಯ ಮೇಲೆ ಬಿದ್ದರೆ ಮರಣಭಯವಂತೆ. ನಾನೇ ಜೋಡಿಸಿದ್ದೇನಲ್ಲ’ ಎಂದಳು.

ಹೌದು, ಅವಳೇ ಜೋಡಿಸಿದ್ದಳು. ವಾಚಕರಿಗೆ ತಿಳಿದಿರುವಂತೆ, ಪಂಚಾಂಗಗಳಲ್ಲಿಯೂ ಕೆಲವು ಗೋಡೆಯ ಕ್ಯಾಲೆಂಡರುಗಳ ಬೆನ್ನಿನಲ್ಲಿಯೂ ‘ಹಲ್ಲಿ ಬೀಳುವ ಫಲ’ವೆಂಬ ಕೋಷ್ಟಕವಿರುತ್ತದೆ, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ಎಡಬಲಗಳಿಗೆ ಬೇರೆ ಬೇರೆ ಫಲ. ಗಿರಾಕಿಗಳು ಕೇಳುವರು, ನಾವು ಅಚ್ಚುಹಾಕುವೆವು. ಅಲ್ಲಿ ‘ಮರಣಭಯ’ವೆಂಬ ಶಬ್ದದ ಕಾಗುಣಿತವನ್ನು ಎಷ್ಟೋ ವರ್ಷ ತಿದ್ದಿದ್ದ ನಮಗೆ ಅದು ಒಬ್ಬರನ್ನು ಹೀಗೆ ನಿಲ್ಲಿಸೀತೆಂದು ಎಂದೂ ತೋರಿರಲಿಲ್ಲ.

ಯುವಕನು ‘ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಾನಿಯಲ್ಲಿ ಬಿತ್ತಂತೆ’ ಎಂಬ ಗಾದೆಯನ್ನಂದು ನಕ್ಕನು. ಆ ನಗೆಯಿಂದ ಅವಳ ಮುಖ ಇನ್ನೂ ಬಿಗಿಯಿತು. ಭಯಪಟ್ಟವರ ಮುಂದೆ ಗಾದೆ ಹೇಳುವುದು ಸುಲಭ.

ನಮ್ಮಲ್ಲಿ ಸೀಸದ ಮೊಳೆಗಳ ಕಾಲದಿಂದ ದುಡಿದ ವೃದ್ಧರೊಬ್ಬರಿದ್ದಾರೆ. ಎಲ್ಲರೂ ಅವರನ್ನು ತಾತ ಎನ್ನುವರು. ಅವರು ನಗಲೂ ಇಲ್ಲ, ಉಪದೇಶಿಸಲೂ ಇಲ್ಲ. ಒಳಗಿನಿಂದ ಎರಡು ಹಳೆಯ ಕ್ಯಾಲೆಂಡರುಗಳನ್ನು ತಂದು ಮೇಜಿನ ಮೇಲೆ ಬಿಡಿಸಿಟ್ಟು, ‘ಎಲ್ಲಿ ಬಿತ್ತು ತಾಯಿ? ನೆತ್ತಿಯೋ, ಹಣೆಯೋ, ಜಡೆಯೋ?’ ಎಂದು ವೈದ್ಯರಂತೆ ವಿಚಾರಿಸಿದರು. ಒಂದರಲ್ಲಿ ತಲೆಗೆ ಮರಣಭಯ; ಇನ್ನೊಂದರಲ್ಲಿ ಅದೇ ತಲೆಗೆ ಕಲಹ. ‘ಎರಡೂ ಇದೇ ಯಂತ್ರದಲ್ಲಿ ಅಚ್ಚಾದವು. ಒಬ್ಬ ಗಿರಾಕಿ ಒಂದು ಪ್ರತಿ ಕೊಟ್ಟ, ಇನ್ನೊಬ್ಬ ಇನ್ನೊಂದು ಕೊಟ್ಟ. ಕಲಹವಂತೂ ಆಗಲೇ ಆಯಿತಲ್ಲ, ಈ ಹುಡುಗನ ಮೇಲೆ ನಿನಗೆ ಸಿಟ್ಟು ಬಂದಿದೆ. ಇನ್ನು ಇಲ್ಲಿ ಓದು’ ಎಂದು ಕೋಷ್ಟಕದ ಕೆಳಗಿನ, ಇರುವೆಯ ಸಾಲಿನಂಥ ಸಣ್ಣ ಅಕ್ಷರಗಳನ್ನು ತೋರಿಸಿದರು. ತಲೆಗೆ ಸ್ನಾನಮಾಡಿ ದೇವರಿಗೆ ದೀಪ ಹಚ್ಚಿದರೆ ದೋಷವಿಲ್ಲ; ಕಂಚಿಯ ಹಲ್ಲಿಯನ್ನು ಮುಟ್ಟಿಬಂದವರನ್ನು ಮುಟ್ಟಿದರೂ ಸಾಕು ಎಂದು ಅಲ್ಲಿತ್ತು. ಕಂಚಿಯ ವರದರಾಜಸ್ವಾಮಿಯ ಗುಡಿಯಲ್ಲಿ ಮೇಲ್ಛಾವಣಿಗೆ ಚಿನ್ನದ ಹಲ್ಲಿ, ಬೆಳ್ಳಿಯ ಹಲ್ಲಿಗಳಿವೆ. ಅವನ್ನು ಮುಟ್ಟಿದವರಿಗೆ ಹಲ್ಲಿಯ ದೋಷ ತಟ್ಟದೆಂದು ನಂಬಿಕೆ. ನಮ್ಮ ಕಡೆಯ ಯಾತ್ರಿಕರನೇಕರು ಮುಟ್ಟಿಬಂದಿರುವರು. ತಾತನೂ ಮುಟ್ಟಿದವರೇ. ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

ಆಗ ಅವಳಿಗೆ ಅಳು ಬಂದಿತು. ‘ತಾತ, ಹಲ್ಲಿಯದಲ್ಲ. ಮದ್ದು ಕೊಟ್ಟು ಮಲಗಿಸಿದ ಮೇಲೆ ನನಗೆ ಎಚ್ಚರವೇ ಆಗದಿದ್ದರೆ ನನ್ನ ಮಗುವಿನ ಗತಿಯೇನು? ರಾತ್ರಿಯೆಲ್ಲಾ ಅದೇ ಯೋಚನೆ’ ಎಂದಳು. ಗಂಡನಿಲ್ಲದ ಅವಳಿಗೆ ಆರು ವರ್ಷದ ಒಬ್ಬಳೇ ಮಗಳು. ಎರಡು ತಿಂಗಳಿಂದ ಯಾರೊಡನೆಯೂ ಆಡದಿದ್ದ ಮಾತದು. ಹೋಗುವುದಿಲ್ಲವೆಂದು ಹೇಳಲು ಅವಳಿಗೆ ಒಂದು ನೆಪ ಬೇಕಾಗಿದ್ದಿತು. ಹಲಗೆಯ ಮೇಲಿಂದ ಬಿದ್ದಿತು.

ಬಳಿಕ ನಡೆದುದೆಲ್ಲಾ ವ್ಯವಹಾರದ ಮಾತು. ಮಗುವನ್ನು ಹತ್ತು ದಿನ ತನ್ನ ಹೆಂಡತಿ ನೋಡಿಕೊಳ್ಳುವಳೆಂದು ಯಂತ್ರದ ಯುವಕನೇ ಒಪ್ಪಿದನು. ಅರಿವಳಿಕೆ ಕೊಡುವ ವೈದ್ಯರನ್ನು ಮುಂಚಿತವಾಗಿ ಕಂಡು, ಮನಸ್ಸಿನಲ್ಲಿದ್ದ ಪ್ರಶ್ನೆಗಳನ್ನೆಲ್ಲಾ ಕೇಳಬಹುದೆಂದು ನಾವು ಹೇಳಿದೆವು. ಹಾಗೆ ಕೇಳಬಹುದೆಂಬುದೇ ಅವಳಿಗೆ ತಿಳಿದಿರಲಿಲ್ಲ. ಕೇಳಬೇಕಾದುವನ್ನು ಕರಡಿನ ಹಿಂಬದಿಯಲ್ಲಿ ಬರೆದುಕೊಂಡಳು, ಒಂಬತ್ತಾದುವು. ಭಾನುವಾರ ತಲೆಗೆ ಎರೆದುಕೊಂಡು ದೀಪ ಹಚ್ಚಿದಳು, ಸೋಮವಾರ ಹೋದಳು. ಗಡ್ಡೆ ತೆಗೆದರು. ಏಳನೆಯ ವಾರಕ್ಕೆ ಕೆಲಸಕ್ಕೆ ಬಂದಾಗ ಸ್ವಲ್ಪ ಬಿಳಿಚಿಕೊಂಡಿದ್ದಳು, ಅಷ್ಟೆ. ವಿದ್ಯುತ್ತಿನ ಪೆಟ್ಟಿಗೆಯ ಸಂದುಗಳಿಗೆ ಅಷ್ಟರಲ್ಲಿ ಯುವಕನು ಸಣ್ಣ ಕಣ್ಣಿನ ಜಾಲರಿಯನ್ನು ಕೂಡಿಸಿಬಿಟ್ಟಿದ್ದನು.

ಕೋಷ್ಟಕವನ್ನೇ ತೆಗೆದುಬಿಡೋಣವೆಂದು ನಾವು ತಾತನೊಡನೆ ಒಮ್ಮೆ ಪ್ರಸ್ತಾಪಿಸಿದುದುಂಟು. ಗಿರಾಕಿ ಒಪ್ಪಲಾರನೆಂದರು; ಅದು ನಿಜವೂ ಹೌದು. ಆದರೆ ಮುಂದಿನ ವರ್ಷದ ಕ್ಯಾಲೆಂಡರಿನ ಕರಡು ಮೊನ್ನೆ ನಮ್ಮ ಮೇಜಿಗೆ ಬಂದಾಗ, ಕೆಳಗಿನ ಇರುವೆಸಾಲು ಕೋಷ್ಟಕದ ತಲೆಗೇರಿ ದಪ್ಪಕ್ಷರದಲ್ಲಿ ಕುಳಿತಿರುವುದು ಕಂಡಿತು. ಜೋಡಿಸಿದವಳು ಅವಳೇ. ನಾವು ಕಾಗುಣಿತವನ್ನು ನೋಡಿ ರುಜು ಹಾಕಿದೆವು. ಗಿರಾಕಿಯು ಏನೂ ಹೇಳಲಿಲ್ಲ.