ಒಂದೇ ವೇದಿಕೆ, ಬೇರೆ ಬೇರೆ ನಾಳೆಗಳು

ನಿವೃತ್ತಿಯ ಹೊತ್ತಿನಲ್ಲಿ ಆಟಗಾರರು ಪ್ರಶಸ್ತಿ ಸಮಾರಂಭಗಳಲ್ಲಿ ಆಡುವ ಮಾತು ಬಹುಮಟ್ಟಿಗೆ ಕೃತಜ್ಞತೆಯದ್ದೇ ಆಗಿರುತ್ತದೆ. ಆ ಕೃತಜ್ಞತೆಯೇ ಹಕ್ಕಿನ ಮಾತನ್ನು ಹಿಂದಕ್ಕೆ ತಳ್ಳಬಲ್ಲದು ಎಂಬುದಕ್ಕೆ ಅಮೆರಿಕದ ಫುಟ್‌ಬಾಲ್ ಆಟಗಾರ್ತಿ ಆ್ಯಬಿ ವಾಂಬಾಕ್ ಅವರ ಅನುಭವವೇ ಸಾಕ್ಷಿ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 184 ಗೋಲು ಗಳಿಸಿ, 2015ರಲ್ಲಿ ವಿಶ್ವಕಪ್ ಗೆದ್ದು ಅದೇ ವರ್ಷ ನಿವೃತ್ತರಾದ ಅವರಿಗೆ, 2016ರ ಎಸ್ಪಿ ಸಮಾರಂಭದಲ್ಲಿ, ಅಂದರೆ ಇಎಸ್‌ಪಿಎನ್ ಕ್ರೀಡಾವಾಹಿನಿ ಹುಟ್ಟುಹಾಕಿದ ವಾರ್ಷಿಕ ಪ್ರಶಸ್ತಿ ರಾತ್ರಿಯಲ್ಲಿ, ಬ್ಯಾಸ್ಕೆಟ್‌ಬಾಲ್‌ನ ಕೋಬಿ ಬ್ರಯಾಂಟ್ ಹಾಗೂ ಅಮೆರಿಕನ್ ಫುಟ್‌ಬಾಲ್‌ನ ಪೇಟನ್ ಮ್ಯಾನಿಂಗ್ ಅವರೊಂದಿಗೆ 'ಐಕಾನ್' ಗೌರವ ಸಂದಿತು. ಚಪ್ಪಾಳೆ ಮೂವರಿಗೂ ಸಮನಾಗಿತ್ತು. ಆದರೆ ಚಪ್ಪಾಳೆ ನಿಂತು ವೇದಿಕೆಯಿಂದ ಇಳಿಯುವಾಗ, ಆ ಇಬ್ಬರು ಪುರುಷರು ಅಪಾರ ಸಂಪತ್ತಿನೊಂದಿಗೆ ವಿಶ್ರಾಂತಿಗೆ ತೆರಳುತ್ತಿದ್ದಾರೆ, ತಾವು ಮಾತ್ರ ಮುಂದಿನ ಜೀವನೋಪಾಯ ಹುಡುಕಬೇಕು ಎಂಬುದು ಅವರಿಗೆ ಹೊಳೆಯಿತು. ಕೊಟ್ಟದ್ದಕ್ಕೆ ಕೃತಜ್ಞರಾಗಿದ್ದು ಸಮಾನ ವೇತನ ಕೇಳದೇ ಹೋದೆವಲ್ಲ ಎಂಬ ಆ ಅರಿವನ್ನು ಅವರು 2018ರಲ್ಲಿ ನ್ಯೂಯಾರ್ಕ್‌ನ ಬಾರ್ನಾರ್ಡ್ ಮಹಿಳಾ ಕಾಲೇಜಿನ ಪದವಿ ಪ್ರದಾನ ಸಮಾರಂಭದಲ್ಲಿ ಬಿಚ್ಚಿಟ್ಟರು. ನಿಜವಾದ ವಿದಾಯ ಭಾಷಣವೆಂದರೆ ಅದೇ. ಅಮೆರಿಕದ ಪುರುಷರ ಮತ್ತು ಮಹಿಳೆಯರ ರಾಷ್ಟ್ರೀಯ ತಂಡಗಳಿಗೆ ಸಮಾನ ವೇತನದ ಒಪ್ಪಂದವಾದದ್ದು 2022ರಲ್ಲಿ. ನಮ್ಮಲ್ಲೂ ಸನ್ಮಾನದ ಶಾಲು ಹೊದಿಸಿಕೊಂಡು ಮನೆಗೆ ಮರಳಿದ ಎಷ್ಟು ಆಟಗಾರ್ತಿಯರ ಮುಂದಿನ ಬದುಕನ್ನು ಯಾರಾದರೂ ವಿಚಾರಿಸಿದ್ದಾರೆ? ಬಲ್ಲವರು ದಯವಿಟ್ಟು ಬರೆಯಬೇಕು.